ನೆಗ್ಗಿಲುಗುಡ್ಡಕ್ಕೆ ಮುಳ್ಳಿನ ಹೆಸರು ಬಂದ ಬಗೆ

ಬಯಲುಸೀಮೆಯ ಹೆದ್ದಾರಿಯಿಂದ ಎಡಕ್ಕೆ ಹೊರಳಿ, ಜಾಲಿಗಿಡಗಳ ಸಾಲು ಮುಗಿದ ಮೇಲೆ ಎದುರಾಗುವ ಅಗಲ ಬೆನ್ನಿನ ಗುಡ್ಡವೇ ನೆಗ್ಗಿಲುಗುಡ್ಡ. ಅದರ ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ನೆರಳಿಗೆ ನಿಲ್ಲೋಣವೆಂದರೆ ನೆಟ್ಟಗೊಂದು ಮರವೂ ಇಲ್ಲ. ಇರುವುದು ಹುಲ್ಲು. ಮಳೆಗಾಲದಲ್ಲಿ ಹಸಿರಾಗಿ, ದೀಪಾವಳಿಯ ಹೊತ್ತಿಗೆ ತೆನೆ ಕಟ್ಟಿ, ಚಳಿ ಬಿದ್ದ ಮೇಲೆ ಕೆಂಚಗಾಗಿ ನಿಲ್ಲುವ ಹುಲ್ಲು. ದೂರದಿಂದ ಬಂದವರು ಕಾರಿನಿಂದ ಇಳಿದು ಒಂದು ಸುತ್ತು ನೋಡಿ, ಇಷ್ಟು ಸೊಗಸಾದ ಜಾಗಕ್ಕೆ ಕಾಲಿಗೆ ಚುಚ್ಚುವ ಮುಳ್ಳಿನ ಹೆಸರನ್ನೇಕೆ ಇಟ್ಟರೆಂದು ಕೇಳುವುದುಂಟು. ಯಾವನೋ ಗುಮಾಸ್ತ ನಕ್ಷೆ ಬರೆಯುವಾಗ ತಪ್ಪು ಬರೆದಿರಬೇಕೆಂದು ತಾವೇ ಉತ್ತರ ಹೇಳಿಕೊಂಡು ಹೋಗುವವರೂ ಉಂಟು. ಬುಡದ ಹಟ್ಟಿಯ ಹಿರಿಯರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ಹೆಸರು ಇಟ್ಟದ್ದು ಗುಮಾಸ್ತರಲ್ಲ, ಹಟ್ಟಿಯವರೇ. ಅದೂ ಭಕ್ತಿಯಿಂದಲ್ಲ, ಗೇಲಿ ಮಾಡಲು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರು ಸೀಮೆ ಆಳುತ್ತಿದ್ದ ಕಾಲದಲ್ಲಿ, ಈ ಗುಡ್ಡ ಹಟ್ಟಿಯ ದೇವರ ಎತ್ತುಗಳ ಮೇವಿನ ಕಾವಲಾಗಿತ್ತು. ದೇವರ ಎತ್ತು ಎಂದರೆ ನೊಗ ಕಾಣದ, ಸಂತೆ ಕಾಣದ ಎತ್ತು. ಹುಟ್ಟಿದ್ದು ದೇವರ ಹೆಸರಿನಲ್ಲಿ, ಸತ್ತರೆ ಮನುಷ್ಯರಿಗೆ ಮಾಡುವಂತೆಯೇ ಮಣ್ಣು. ಅವುಗಳನ್ನು ಕಾಯುವವನನ್ನು ಕಿಲಾರಿ ಎಂದು ಕರೆಯುತ್ತಾರೆ. ಆಗಿನ ಪಾಳೆಯಗಾರನಿಗೆ ಕುದುರೆಗಳ ಹುಚ್ಚು ಹತ್ತಿ, ಅವುಗಳಿಗೆ ಹುರುಳಿ ಸಾಲದೆ, ಗುಡ್ಡವನ್ನೇ ಉತ್ತು ಬಿತ್ತಿಸಿದ. ಒಂದೆರಡು ಬೆಳೆ ಬಂತು. ಆಮೇಲೆ ಸಡಿಲಾದ ಮಣ್ಣು ಮಳೆನೀರಿನೊಂದಿಗೆ ಹಳ್ಳ ಸೇರಿ, ಕಲ್ಲು ಮೇಲೆದ್ದು ಕೂತಿತು. ಪಾಳೆಯಗಾರನ ಆಳುಗಳು ನೇಗಿಲು ಹೊತ್ತುಕೊಂಡು ಬೇರೆ ಗುಡ್ಡ ಹುಡುಕಿಕೊಂಡು ಹೋದರು. ಹಟ್ಟಿಯವರಿಗೆ ಗುಡ್ಡವೇನೋ ಹಿಂದಿರುಗಿ ಬಂತು, ಹುಲ್ಲು ಬರಲಿಲ್ಲ.

ಆ ಕಾಲಕ್ಕೆ ಕಿಲಾರಿಯಾಗಿದ್ದವನು ಓಬಯ್ಯ. ಮದುವೆ ಮನೆ ಮಠ ಎಂದು ತಲೆ ಕೆಡಿಸಿಕೊಳ್ಳದೆ, ಅಣ್ಣನ ಮನೆಯಲ್ಲಿ ಉಂಡು ಎತ್ತುಗಳ ರೊಪ್ಪದಲ್ಲಿ ಮಲಗುತ್ತಿದ್ದವನು. ಮುತ್ತೆತ್ತು ಎಂದು ಕರೆಯುತ್ತಿದ್ದ ಮುಂದಾಳು ಎತ್ತನ್ನು ಅವನು ತಾಯಿ ಸತ್ತ ಕರುವಾಗಿದ್ದಾಗಿನಿಂದ ಅಂಗೈಯಲ್ಲಿ ಹಾಲು ನೆಕ್ಕಿಸಿ ಸಾಕಿದ್ದ. ಈಗ ಅದರ ಪಕ್ಕೆಲುಬು ಎಣಿಸುವಂತಾಗಿತ್ತು. ಬೋಳು ಗುಡ್ಡದಲ್ಲಿ ಮಳೆ ಬಿದ್ದಾಗ ಹುಟ್ಟುತ್ತಿದ್ದುದು ನೆಲಕ್ಕೆ ಅಂಟಿ ಹರಡುವ ನೆಗ್ಗಿಲು, ಜೊತೆಗೆ ಒಂದಿಷ್ಟು ಉತ್ತರಾಣಿ, ಅಣ್ಣೆ. ದೇವರು ನಡೆಯುವ ನೆಲದಲ್ಲಿ ಮುಳ್ಳಿರಬಾರದೆಂದು ಹಟ್ಟಿಯಲ್ಲಿ ಕಟ್ಟಳೆ. ಅದಕ್ಕಾಗಿ ಪ್ರತಿ ವರ್ಷ ಮಳೆ ನಿಂತ ಕೂಡಲೇ ಗುಡ್ಡವನ್ನು ಬೆಡಗುಬೆಡಗಿಗೂ, ಎಂದರೆ ಕುಲಕುಲಕ್ಕೂ, ಒಂದೊಂದು ಪಟ್ಟೆಯಾಗಿ ಹಂಚಿಕೊಂಡು, ಮೀಸಲು ಸ್ನಾನ ಮಾಡಿ, ಬಾಯಲ್ಲಿ ಮಾತಿಲ್ಲದೆ, ಒಂದು ಎಸಳೂ ಉಳಿಯದಂತೆ ಬೇರು ಸಮೇತ ಕೀಳುತ್ತಿದ್ದರು. ಎಲ್ಲರಿಗಿಂತ ಮುಂದೆ ಓಬಯ್ಯ. ಕಿತ್ತದ್ದು ಸಾಲದೆಂದು ಮೇಲೊಂದು ಕೈ ಪೊರಕೆಯನ್ನೂ ಆಡಿಸುತ್ತಿದ್ದ. ಗುಡ್ಡ ಅಂಗಳದಂತೆ ಚೊಕ್ಕಟವಾಗುತ್ತಿತ್ತು, ಮುಂದಿನ ಗಾಳಿಗೆ ಇನ್ನಷ್ಟು ಮಣ್ಣು ಹಾರುತ್ತಿತ್ತು. ಹುಲ್ಲು ಬಾರದ್ದಕ್ಕೆ ಹಟ್ಟಿಯವರು ಪಾಳೆಯಗಾರನನ್ನು ಬೈದರು, ಮಳೆಯನ್ನು ಬೈದರು. ತಮ್ಮ ಕೈಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಕೊನೆಗೆ ಹಟ್ಟಿಯ ಯಜಮಾನ ಚಿತ್ತಜ್ಜ ಎಲ್ಲರನ್ನೂ ಕೂರಿಸಿ, ಎತ್ತುಗಳನ್ನು ನೆಂಟರ ಊರಾದ ಕಾರೇಹಟ್ಟಿಗೆ ಒಪ್ಪಿಸಿಬಿಡೋಣ ಎಂದ. ಅಲ್ಲಿ ಮೇವಿತ್ತು. ಆದರೆ ಎತ್ತು ಯಾವ ಹಟ್ಟಿಯಲ್ಲಿರುತ್ತದೋ ದೇವರೂ ಅಲ್ಲೇ ಎಂಬುದು ನಂಬಿಕೆ. ಎತ್ತು ಕೊಟ್ಟ ಹಟ್ಟಿ ದೇವರನ್ನೂ ಕೊಟ್ಟಂತೆ, ಎತ್ತಿಲ್ಲದ ಕಿಲಾರಿ ಯಾರೂ ಅಲ್ಲ. ಓಬಯ್ಯನಿಗೆ ಆ ದಿನ ಅನ್ನ ಸೇರಲಿಲ್ಲ. ಬರುವ ಯುಗಾದಿಯವರೆಗೆ ತಡೆಯಿರಿ ಎಂದು ಕೈ ಮುಗಿದು ಕೇಳಿಕೊಂಡ. ಆ ಮಳೆಗಾಲದ ಕೊನೆಯಲ್ಲೇ ಅವನ ತಾಯಿ ತೀರಿಕೊಂಡಳು. ದೇವರ ಕೆಲಸಕ್ಕೆ ಸೂತಕ ತಿಂಗಳುಗಟ್ಟಲೆ ಹಿಡಿಯುತ್ತದೆ; ಅಲ್ಲಿಯವರೆಗೆ ಸೂತಕದವರು ದೇವರ ನೆಲ ಮುಟ್ಟುವಂತಿಲ್ಲ, ಅವರ ಪಾಲಿನ ಕೆಲಸವನ್ನು ಬೇರೆ ಬೆಡಗಿನವರು ಮಾಡುವಂತೆಯೂ ಇಲ್ಲ. ಹೀಗಾಗಿ ಗುಡ್ಡವೆಲ್ಲ ಚೊಕ್ಕಟವಾದರೂ ಓಬಯ್ಯನ ಬೆಡಗಿನ ಪಟ್ಟೆಯೊಂದು ಮುಳ್ಳುಮುಳ್ಳಾಗಿಯೇ ಉಳಿಯಿತು. ತಾಯಿ ಹೋದ ದುಃಖ ಒಂದು, ಆ ಪಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ನಾಚಿಕೆ ಇನ್ನೊಂದು.

ಸೂತಕ ಕಳೆದು, ಯುಗಾದಿಗೆ ಮುಂಚೆ ಬಿದ್ದ ಒಂದು ಅಡ್ಡಮಳೆಯ ಮಾರನೆಯ ಬೆಳಿಗ್ಗೆ ಅವನು ಆ ಪಟ್ಟೆಯನ್ನು ಶುದ್ಧ ಮಾಡಲು ಹೋದ. ಒಣಗಿದ ನೆಗ್ಗಿಲಿನ ಹಂಬನ್ನು ಎಳೆದಾಗ ಅದರಡಿಯ ಮಣ್ಣು ಕಪ್ಪಗೆ, ಒದ್ದೆಯಾಗಿ, ಇದ್ದಲ್ಲೇ ಇತ್ತು. ಅದರೊಳಗಿಂದ ಸೂಜಿಯಷ್ಟು ಸಣ್ಣ ಮೊಳಕೆಗಳು ತಲೆ ಎತ್ತಿದ್ದವು. ಒಂದನ್ನು ಕಿತ್ತು ನೋಡಿದ, ಹಂಚಿ ಹುಲ್ಲು. ಪಕ್ಕದಲ್ಲಿ ದನ ಮೇಯುವ ಗರಿಕೆಯ ಒಂದು ಗೆಣ್ಣು. ಪಕ್ಕದ ಚೊಕ್ಕಟ ಪಟ್ಟೆಯಲ್ಲಿ ಮೊಣಕಾಲೂರಿ ಹುಡುಕಿದ. ಅಲ್ಲಿ ಕಲ್ಲಿನ ಹೊರತು ಏನೂ ಇರಲಿಲ್ಲ. ಇಷ್ಟು ವರ್ಷ ತಾನು ಮಡಿಯುಟ್ಟು ಗುಡಿಸಿ ಎಸೆದದ್ದು ಎತ್ತುಗಳ ಮೇವನ್ನೇ ಎಂದು ತಿಳಿದಾಗ ಓಬಯ್ಯನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವನು ಯಜಮಾನನ ಮುಂದೆ ನಿಂತು, ಇನ್ನು ಮೇಲೆ ಗುಡ್ಡದ ಮುಳ್ಳು ಕೀಳುವುದು ಬೇಡ ಎಂದ. ಚಿತ್ತಜ್ಜನಿಗೆ ಕಿವಿ ಕೆಟ್ಟಿತೇನೋ ಎನ್ನಿಸಿತು.

“ಏನಪ್ಪಾ ಓಬಯ್ಯ, ದ್ಯಾವ್ರ ಎತ್ತಿನ ಕಾಲಿಗೆ ಮುಳ್ ಹಾಸು ಅಂತೀಯೇನು?”

“ಎತ್ತು ಹತ್ತಿಸಾದೇ ಇಲ್ಲ ಕಣಜ್ಜ. ಬರಿಗಾಲಾಗೆ ನಾನು ಗುಡ್ಡ ತುಳೀತೀನಿ. ಒಂದು ಮುಳ್ಳೂ ಚುಚ್ಚಬಾರ್ದು. ಅಲ್ಲೀತಂಕ ಎತ್ತು ಕಾರೇಹಟ್ಟ್ಯಾಗೇ ಇರ್ಲಿ. ಆದ್ರೆ ಕೊಟ್ಟಂಗಲ್ಲ, ಇಟ್ಟಂಗೆ.”

ಎತ್ತೇ ತುಳಿಯದ ನೆಲಕ್ಕೆ ಕಟ್ಟಳೆ ಎಲ್ಲಿಯದು ಎಂದು ಚಿತ್ತಜ್ಜ ತಲೆಯಾಡಿಸಿದ. ಕಾರೇಹಟ್ಟಿಯ ಯಜಮಾನ ಬೊಮ್ಮಜ್ಜನೂ ಈ ಕರಾರಿಗೆ ಒಡನೆ ಒಪ್ಪಿದ. ನೆಗ್ಗಿಲಿನ ಗುಡ್ಡದಲ್ಲಿ ಮುಳ್ಳು ಚುಚ್ಚದ ದಿನ ಬರುವುದುಂಟೇ ಎಂದು ಒಳಗೊಳಗೇ ನಕ್ಕನಂತೆ. ಓಬಯ್ಯ ತಾನೇ ಎತ್ತುಗಳನ್ನು ಹೊಡೆದುಕೊಂಡು ಹೋಗಿ ಬಿಟ್ಟು ಬಂದ. ಮುತ್ತೆತ್ತು ಬೇಲಿಯವರೆಗೂ ಅವನ ಹಿಂದೆಯೇ ನಡೆದು ಬಂತು. ಅದನ್ನು ತಿರುಗಿಸಲು ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಅದರ ಮೇಲೆ ಕೋಲೆತ್ತಿದ. ಹೊಡೆಯಲಿಲ್ಲ, ಎತ್ತಿದ ಅಷ್ಟೆ. ಆದರೂ ದಾರಿಯುದ್ದಕ್ಕೂ ಅಳುತ್ತಲೇ ಬಂದ.

ಅಲ್ಲಿಂದ ಮುಂದೆ ಅವನು ಕಾದದ್ದು ಮುಳ್ಳನ್ನು. ಮೇಕೆ ಬಂದರೆ ಅಟ್ಟುವುದು, ಸೌದೆಗೆಂದು ಬಂದವರನ್ನು ಕೈ ಮುಗಿದು ಕಳಿಸುವುದು, ಬಿಸಿಲಲ್ಲಿ ಸುಮ್ಮನೆ ಕೂರುವುದು. ಮೊದಲ ಮಳೆಗೆ ಗುಡ್ಡವೆಲ್ಲ ನೆಗ್ಗಿಲು ಹಬ್ಬಿ ಹಳದಿ ಹೂ ಬಿಟ್ಟಿತು. ಎತ್ತು ಕಾಯುತ್ತಿದ್ದವನು ನೆಗ್ಗಿಲು ಕಾಯುತ್ತಾನೆ ಎಂದು ಹಟ್ಟಿಯೇ ನಕ್ಕು, ಗುಡ್ಡಕ್ಕೆ ಆಗಲೇ ಈ ಹೆಸರಿಟ್ಟಿತು. ಮುಂದಿನ ಮಳೆಗಳಲ್ಲಿ ನೆಗ್ಗಿಲಿನ ನಡುವೆ ಅಣ್ಣೆ, ತುಂಬೆ ಎದ್ದವು. ಅಲ್ಲಲ್ಲಿ ತಂಗಡಿ ಗಿಡ ಬೇರೂರಿ ಹರಿಯುವ ನೀರಿಗೆ ಅಡ್ಡ ನಿಂತಿತು. ಆಮೇಲೆ ಹಂಚಿ ಹುಲ್ಲು ಹೆಚ್ಚಿತು. ಹಂಚಿಯನ್ನು ಹಸಿದ ದನವೂ ಮೂಸಿ ಬಿಡುತ್ತದೆ, ಅದರಿಂದಾಗುವುದು ಪೊರಕೆ. ಅಣ್ಣನ ಹೆಂಡತಿ ಸಣ್ಣವ್ವ ಒಂದು ಹೊರೆ ಕೊಯ್ದು ತಂದು, “ನೋಡ್ ಮೈದ, ನಿನ್ ಮುಳ್ಳು ಪೊರಕೆ ಆಯ್ತು. ಇನ್ನೇನ್ ಎತ್ತಿಗೆ ಪೊರಕೆ ಇಕ್ತೀಯೋ?” ಎಂದಳು. ಮುಂದೆ ಏನು ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ಕೀಳಬಾರದೆಂಬುದಷ್ಟೇ ಗೊತ್ತಿತ್ತು.

ವರ್ಷಕ್ಕೊಮ್ಮೆ ಅವನು ಎಕ್ಕಡ ಬಿಚ್ಚಿ ಗುಡ್ಡ ತುಳಿಯುತ್ತಿದ್ದ, ಅರ್ಧ ದಾರಿಯಲ್ಲಿ ಕೂತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದ. ಒಂದು ವರ್ಷ ಮಳೆ ಕೈಕೊಟ್ಟು ಹುಲ್ಲು ಹಿಂದೆ ಸರಿಯಿತು, ನೆಗ್ಗಿಲು ಮತ್ತೆ ಮುಂದೆ ಬಂತು. ಆ ವರ್ಷವೇ ಕಾರೇಹಟ್ಟಿಯಲ್ಲಿ ಮುತ್ತೆತ್ತು ಸತ್ತ ಸುದ್ದಿಯೂ ಬಂತು. ಓಬಯ್ಯ ಹೋಗಿ ಮಣ್ಣು ಕೊಟ್ಟು ಬಂದು, ಮತ್ತೆ ಗುಡ್ಡದ ಮೇಲೆ ಕೂತ. ಇನ್ನು ಯಾರಿಗಾಗಿ ಕಾಯುತ್ತೀಯೋ ಎಂದು ಚಿತ್ತಜ್ಜ ಮರುಕದಿಂದಲೇ ಕೇಳಿದ. “ಅದ್ರ ಹಿಂಡು ಐತಲ್ಲಜ್ಜ” ಎಂದ ಇವನು.

ಓಬಯ್ಯನ ಮೀಸೆ ನರೆಯುವ ಹೊತ್ತಿಗೆ ಹಂಚಿಯ ಬುಡಗಳ ನಡುವೆ ಕರಡ ಹುಲ್ಲು ಇಣುಕಿ, ನಿಧಾನವಾಗಿ ಹಂಚಿಯನ್ನೇ ಬದಿಗೆ ಒತ್ತಿತು. ದನ ಮೆಚ್ಚುವ ಹುಲ್ಲು ಅದು. ದಟ್ಟವಾದ ಅದರ ಬುಡದಲ್ಲಿ ಬಿಸಿಲು ಬೇಡುವ ನೆಗ್ಗಿಲಿಗೆ ಜಾಗವೇ ಸಿಗಲಿಲ್ಲ. ಒಂದು ದೀಪಾವಳಿಗೆ ಬೊಮ್ಮಜ್ಜನನ್ನು ಕರೆಸಿದರು. ಅವನೂ ಓಬಯ್ಯನೂ, ಇಬ್ಬರು ಮುದುಕರೂ ಎಕ್ಕಡ ಕೈಯಲ್ಲಿ ಹಿಡಿದು ಗುಡ್ಡವನ್ನು ಈ ತುದಿಯಿಂದ ಆ ತುದಿಗೆ ದಾಟಿದರು. ಆಚೆ ಬದಿ ಇಳಿದ ಮೇಲೆ ಬೊಮ್ಮಜ್ಜ ಕಲ್ಲಿನ ಮೇಲೆ ಕೂತು ತನ್ನ ಅಂಗಾಲುಗಳನ್ನು ಒಂದಾದ ಮೇಲೊಂದು ತಿರುವಿ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಆಮೇಲೆ, “ಹೊಡ್ಕಂಡೋಗಪ್ಪ ನಿಮ್ ದ್ಯಾವ್ರನ್ನ” ಎಂದ.

ಎತ್ತುಗಳು ಬಂದವು. ಅವೆಲ್ಲ ಕಾರೇಹಟ್ಟಿಯಲ್ಲಿ ಹುಟ್ಟಿದವು. ಓಬಯ್ಯನ ಗುರುತು ಒಂದಕ್ಕೂ ಇರಲಿಲ್ಲ. ಹಸಿರು ಮೇವಿನ ವಾಸನೆಗೆ ಅವು ಗುಡ್ಡದ ಕಡೆ ನುಗ್ಗಿದಾಗ, ಹಟ್ಟಿಯವರು ವಾಲಗ ಊದಿಸುತ್ತ ನಿಂತಿದ್ದಾಗ, ಓಬಯ್ಯ ಕೋಲು ಅಡ್ಡ ಹಿಡಿದು ತಡೆದ. ಹುಲ್ಲಿನ ತೆನೆಯಲ್ಲಿ ಬೀಜ ಇನ್ನೂ ಬಲಿತು ಉದುರಿರಲಿಲ್ಲ.

“ನಾನು ಮುದುಕನಾಗಾತಂಕ ಕಾದಿವ್ನಿ,” ಎಂದ. “ದ್ಯಾವ್ರೂ ಒಸಿ ಕಾಯ್ಲಿ.”

ವಾಲಗ ನಿಂತಿತು. ದೇವರ ಎತ್ತುಗಳು ಗುಡ್ಡದ ಕರಡ ಮೇಯುವ ಬದಲು ರೊಪ್ಪದಲ್ಲಿ ಒಣಸೊಪ್ಪೆ ತಿಂದು, ಬೀಜ ಉದುರಿದ ಮೇಲೆಯೇ ಮೇಲೆ ಹತ್ತಿದವು ಎನ್ನುತ್ತಾರೆ.

ಈಗಲೂ ದೀಪಾವಳಿ ಕಳೆದ ಮೇಲೆ ಅತ್ತ ಹೋದವರಿಗೆ ಇದು ಕಾಣಸಿಗುತ್ತದೆ. ತಲೆಯೆತ್ತರದ ಹುಲ್ಲು ಕಣ್ಣೆದುರಿಗಿದ್ದರೂ ಎತ್ತುಗಳು ಗುಡ್ಡದ ಬುಡದಲ್ಲಿ ಗುಂಪಾಗಿ ನಿಂತಿರುತ್ತವೆ. ಕಿಲಾರಿಯೊಬ್ಬ ಬರಿಗಾಲಲ್ಲಿ ಮೇಲೆ ಅಡ್ಡಾಡುತ್ತಿರುತ್ತಾನೆ. ಒಂದು ಕಡೆ ಗಕ್ಕನೆ ನಿಂತು, ಅಂಗಾಲು ಒರೆಸಿಕೊಂಡು, ಅಷ್ಟಗಲಕ್ಕೆ ಸುತ್ತ ಕಲ್ಲು ಜೋಡಿಸುತ್ತಾನೆ. ಆ ಕಲ್ಲಿನ ಬಳೆಯೊಳಗೆ ಆ ವರ್ಷ ಎತ್ತಿಗೂ ಪ್ರವೇಶವಿಲ್ಲ, ಕುಡುಗೋಲಿಗೂ ಪ್ರವೇಶವಿಲ್ಲ. ಒಳಗೆ ಏನು ಪೂಜೆ ನಡೆಯುತ್ತದೆಂದು ಬಂದವರು ಬಗ್ಗಿ ನೋಡುತ್ತಾರೆ. ಅಲ್ಲಿ ಒಂದು ನೆಗ್ಗಿಲು ಬಳ್ಳಿ ನೆಲಕ್ಕೆ ಮೈಚಾಚಿ ಮಲಗಿರುತ್ತದೆ. ಅದನ್ನು ಯಾರೂ ಕೀಳುವುದಿಲ್ಲ.