ಬಾಳವ್ವನ ಪದ, ಹೊಸ ಕಾವಲುಗಾರ

ಹೊಳೆ ದಂಡೆಯ ಮಠದಲ್ಲಿ ಒಬ್ಬರು ಅಜ್ಜಾರು. ಅವರಿಗೆ ಶಂಭುಲಿಂಗ ಅಂತ ಒಬ್ಬ ಶಿಷ್ಯ. ಎಲ್ಲದಕ್ಕೂ ಅವಸರ ಅವನಿಗೆ.

ಏಳು ವರ್ಷದಿಂದ ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದ. ಎದ್ದ ಮೇಲೆ ಒಂದೇ ಮಾತು: “ಒಳಗ ಏನೂ ಇಲ್ರೀ ಅಜ್ಜಾರ.”

ಅಜ್ಜಾರು ಹೂಂ ಅನ್ನುತ್ತಿದ್ದರು, ಅಷ್ಟೇ.

ಮಠದ ಕಂಪ್ಯೂಟರ್ ಅವನ ಪಾಲಿನ ಕೆಲಸ. ತತ್ವಪದ ಹಾಡುವ ಬಾಳವ್ವನನ್ನು ಎದುರಿಗೆ ಕೂರಿಸಿಕೊಂಡು ಮುನ್ನೂರು ಪದ ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಬಾಳವ್ವ ಈಗಿಲ್ಲ. ಆ ಪದಗಳಿಗೆ ಇನ್ನೊಂದು ಪ್ರತಿಯೂ ಇಲ್ಲ. ಅವತ್ತು ಮಧ್ಯಾಹ್ನದ ದೋಣಿಗೆ ಅವಳ ಮೊಮ್ಮಗಳು ಅಜ್ಜಿಯ ದನಿ ಕೇಳಲು ಬರುವವಳಿದ್ದಳು.

ಅವತ್ತೇ ಶಂಭುಲಿಂಗನಿಗೆ ಹುರುಪು ಬಂತು ನೋಡಿ! ಮದರ್‌ಬೋರ್ಡಿಗೆ ಹೊಸ ಫರ್ಮ್‌ವೇರ್ ಬಂದಿದೆ ಅಂತ ಅಪ್‌ಡೇಟ್ ಮಾಡಿಯೇ ಬಿಟ್ಟ. ಯಂತ್ರ ಕಣ್ಣು ಬಿಡುವಾಗ ಎಲ್ಲಕ್ಕಿಂತ ಮೊದಲು ಏಳೋದು ಈ ಫರ್ಮ್‌ವೇರೇ, ಒಳಗಿರುವ ಒಂದೊಂದನ್ನೂ ಗುರುತು ಹಿಡಿಯೋದೂ ಅದೇ.

ಯಂತ್ರ ಆರಿ ಹೊತ್ತಿಕೊಂಡಿತು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಶುರು ಮಾಡಲು ಯಾವ ಡಿಸ್ಕೂ ಇಲ್ಲ.

ಶಂಭುಲಿಂಗ ವೈರು ಕಿತ್ತು ಮತ್ತೆ ಸಿಕ್ಕಿಸಿದ. ರ‍್ಯಾಮ್ ತೆಗೆದು ಧೂಳು ಊದಿದ. ಅದೇ ಸಾಲು.

“ಎಲ್ಲಾ ಹೋತ್ರೀ ಅಜ್ಜಾರ!” ಅಂತ ಓಡಿ ಬಂದ. “ಡಿಸ್ಕೇ ಇಲ್ಲ ಅನ್ನಾಕತ್ತೈತಿ! ಪೆನ್‌ಡ್ರೈವ್ ಹಾಕೀನಿ. ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡ್ಲಾ ಅಂತ ಕೇಳತೈತಿ. ಹೆಂಗೂ ಪದ ಹೋದುವು, ಒತ್ತಿಬಿಡ್ಲೇನ್ರೀ?”

“ಒತ್ತುವಿಯಂತ. ಮೊದಲ ಹೊಳಿಗೆ ಹೋಗಿ ಒಂದು ಕೊಡ ನೀರು ತಾ.”

ಇಂಥಾ ಹೊತ್ತಿನಲ್ಲಿ ನೀರು! ಗೊಣಗುತ್ತಲೇ ಹೋದ. ತಿರುಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಹೊಸ ಕಾವಲುಗಾರ ನಿಂತಿದ್ದ. ದ್ಯಾವಣ್ಣ ಅಂತ, ಆಗಷ್ಟೇ ಕೆಲಸಕ್ಕೆ ಸೇರಿದವನು. ಕೋಲು ಅಡ್ಡ ಹಿಡಿದ.

“ಯಾರ್ರೀ ನೀವು?”

“ನಾ ಯಾರ? ಏಳು ವರ್ಷ ಆತು ಇಲ್ಲೇ ಅದೀನಿ ಮಾರಾಯ!”

“ನನಗ ಗೊತ್ತಿಲ್ರೀ. ಗುರ್ತಿಲ್ಲದವ್ರನ್ನ ಬಿಡಬ್ಯಾಡ ಅಂದಾರ ಅಜ್ಜಾರು.”

“ಅಲ್ಲೋ, ನನ್ನ ಹಾಸಿಗಿ ಒಳಗೈತಿ, ನನ್ನ ತಾಟು ಒಳಗೈತಿ!” ಕೊಡ ತುಳುಕಿ ಅರ್ಧ ನೀರು ಮೈಮೇಲೆ.

ಒಳಗಿನಿಂದ ಅಜ್ಜಾರ ದನಿ ಬಂತು: “ಯಾರದಾರೋ ದ್ಯಾವಣ್ಣ ಅಲ್ಲಿ?”

“ನಮ್ಮವ್ರು ಯಾರೂ ಇಲ್ರೀ.”

“ಹೌದಾ? ಹಂಗಾರ ಶಂಭುಲಿಂಗ ಇಲ್ಲ ಅಂತಾತು. ಅವನ ಖೋಲಿ ತೊಳದು ಬ್ಯಾರೇದವ್ರಿಗೆ ಕೊಡೂಣು.”

“ಅಯ್ಯಯ್ಯೋ, ಅದೀನ್ರೀ! ಇಲ್ಲೇ ನಿಂತೀನ್ರೀ! ಇವ ಹೊಸಬ, ಇವಂಗ ನನ್ನ ಗುರ್ತಿಲ್ಲ ಅಷ್ಟ...”

ಕೊಡ ಕೆಳಗಿಟ್ಟ. ಕೋಲಿನಡಿ ನುಸುಳಿ ಕಂಪ್ಯೂಟರಿನತ್ತ ಓಡಿದ.

ಪೆನ್‌ಡ್ರೈವ್ ಕಿತ್ತ. ಫರ್ಮ್‌ವೇರಿನ ಸೆಟ್ಟಿಂಗ್ಸ್ ತೆರೆದು ಒಂದೊಂದೇ ಸಾಲು ಓದಿದ. ಡಿಸ್ಕಿನ ಹೆಸರು ಅಲ್ಲೇ ಇತ್ತು! ಹಳೇ ಡಿಸ್ಕಿನಿಂದ ಶುರುವಾಗಲು ಒಪ್ಪುವ ಆಯ್ಕೆ ಮಾತ್ರ ಅಪ್‌ಡೇಟ್ ಆದಾಗ ತಾನೇ ಆಫ್ ಆಗಿತ್ತು. ಅದನ್ನು ಆನ್ ಮಾಡಿದ.

ಯಂತ್ರ ಎದ್ದಿತು. ಮೊದಲ ಪದ ಹಚ್ಚಿದ. ಬಾಳವ್ವ ಒಮ್ಮೆ ಕೆಮ್ಮಿ, “ಸುರು ಮಾಡ್ಲೇನಪಾ?” ಅಂತ ಕೇಳಿ, ಏಕತಾರಿ ಮೀಟಿದಳು.

“ಅದಾಳ್ರೀ ಅಜ್ಜಾರ! ಬಾಳವ್ವ ಅದಾಳ! ಒಂದು ಪದಾನೂ ಹೋಗಿಲ್ಲ!” ಶಂಭುಲಿಂಗ ಅಳುತ್ತ ನಗುತ್ತ ಬಂದು ಕಾಲಿಗೆ ಬಿದ್ದ.

“ಕಾಲು ಆಮ್ಯಾಲೆ ಹಿಡಿ. ಮೊದಲ ಇನ್ನೊಂದು ಪ್ರತಿ ಮಾಡು. ದೋಣಿ ಕಾಣಾಕತ್ತೈತಿ.”

ಓಡಲು ಎದ್ದವನು ಬಾಗಿಲಲ್ಲಿ ತಿರುಗಿದ. “ನಿಮಗ ಕಂಪ್ಯೂಟರ್ ಯಾವಾಗ ತಿಳೀತ್ರೀ?”

“ಅದು ನನಗ ತಿಳಿಯಂಗಿಲ್ಲೋ,” ಅಂದರು ಅಜ್ಜಾರು. “ಏಳು ವರ್ಷದಿಂದ ದಿನಾ ಬಂದು ‘ಒಳಗ ಏನೂ ಇಲ್ಲ’ ಅಂತೀಯಲ್ಲ, ನಿನ್ನ ಬಾಗಲದಾಗ ಯಾರನ್ನ ನಿಲ್ಲಿಸಿದಿ?”