ಕಾಣಿಸಿಕೊಳ್ಳದ ಗೋಸುಂಬೆ

ಕೆರೆ ಏರಿಯ ಪಕ್ಕದ ಅತ್ತಿಮರದಲ್ಲಿ ಒಂದು ಗೋಸುಂಬೆ ಇತ್ತು. ಎಲೆಯ ನಡುವೆ ಎಲೆಯಂತೆ, ತೊಗಟೆಯ ಮೇಲೆ ತೊಗಟೆಯಂತೆ ಇರುತ್ತಿತ್ತು. ಆದರೂ ಅದಕ್ಕೆ ನೆಮ್ಮದಿ ಇರಲಿಲ್ಲ. ಎರಡು ಕಣ್ಣೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದುದರಿಂದ ಅದಕ್ಕೆ ಉಳಿದವರಿಗಿಂತ ಎರಡರಷ್ಟು ಅಪಾಯ ಕಾಣುತ್ತಿತ್ತು.

ಮೇಕೆ ಕಾಯುವ ಸಣ್ಣೀರಮ್ಮ ಆಗಾಗ ಅಲ್ಲಿಗೆ ಸೊಪ್ಪು ಕಡಿಯಲು ಬರುತ್ತಿದ್ದಳು. ಅವಳದೊಂದು ಪದ್ಧತಿ. ಉದ್ದ ಗಳಕ್ಕೆ ಕುಡುಗೋಲು ಕಟ್ಟಿಕೊಂಡು ಬಂದು, ಕಡಿಯುವ ಮೊದಲು ಕೊಂಬೆಗೆ ಮೂರು ಸಲ ತಟ್ಟಿ ಕೂಗುವಳು: "ಇರೋರು ಇದ್ದೀವಿ ಅನ್ರಪ್ಪಾ, ಕೊಂಬೆ ಕಡೀತೀನಿ!"

ಹಕ್ಕಿಯೋ ಅಳಿಲೋ ಕಿರುಚಿದರೆ ಆ ಕೊಂಬೆ ಬಿಟ್ಟು ಬೇರೆಯದಕ್ಕೆ ಹೋಗುವಳು. "ಒಬ್ಬರ ಮನೆ ಕೆಡವಿ ಮೇಕೆ ಸಾಕಬಾರದು" ಎನ್ನುವಳು.

ಒಂದು ಬೆಳಿಗ್ಗೆ ಅವಳು ಗೋಸುಂಬೆ ಕೂತ ಕೊಂಬೆಗೇ ತಟ್ಟಿದಳು. ಗೋಸುಂಬೆ ಉಸಿರು ಬಿಗಿಹಿಡಿಯಿತು.

ಮೇಲಿನ ಕೊಂಬೆಯ ಅಳಿಲು ಪಿಸುಗುಟ್ಟಿತು: "ಮಾರಾಯಾ, ನಿನಗೆ ಕೂಗೋ ಗಂಟಲಿಲ್ಲ, ಸರಿ. ಬಣ್ಣ ಇದೆಯಲ್ಲ! ಕಪ್ಪಾಗು, ಹಳದಿಯಾಗು, ಏನಾದರೂ ಆಗು. ಅವಳಿಗೆ ಕಾಣಲಿ."

"ನನ್ನಂಥವರನ್ನ ಹಿಡಿದು ತಿನ್ನೋ ಕೆಂಬೂತಕ್ಕೂ ಕಂಡರೆ?"

"ಎಲ್ಲಿದೆ ಕೆಂಬೂತ?"

"ಎಲ್ಲಾದರೂ ಇದ್ದೇ ಇರುತ್ತೆ."

"ಅದು ಬಂದರೆ ಬರಬಹುದು. ಕುಡುಗೋಲು ಬಂದೇ ಬಿಟ್ಟಿದೆಯಲ್ಲೋ!"

ತಾಳಲಾರದೆ ಅಳಿಲೇ ಚಿಟಚಿಟ ಕೂಗಿತು. ಸಣ್ಣೀರಮ್ಮ ತಲೆಯೆತ್ತಿ ನೋಡಿ ನಕ್ಕಳು. "ನಿನ್ನ ಕೊಂಬೆ ಅಲ್ಲ ಕಣೋ, ಸುಮ್ನಿರು."

ಮತ್ತೆ ಮೂರು ಸಲ ತಟ್ಟಿ ಕಾದಳು. ಗೋಸುಂಬೆ ಯೋಚಿಸಿತು. ಹಳದಿಯಾದರೆ ಊರಿಗೆಲ್ಲ ಕಾಣುತ್ತೇನೆ. ಕಪ್ಪಾದರೆ ಹಾವೆಂದು ಹೊಡೆದಾಳು. ಎಲ್ಲ ದಿಕ್ಕಿನಿಂದಲೂ ವಿಚಾರ ಮಾಡಿ, ಸುರಕ್ಷಿತವೆಂದು, ಇನ್ನೂ ಸ್ವಲ್ಪ ಹಸಿರಾಯಿತು.

"ಯಾರೂ ಇಲ್ಲ" ಎಂದು ಸಣ್ಣೀರಮ್ಮ ಗಳ ಎಳೆದಳು.

ಕೊಂಬೆ ಮೇಕೆಗಳ ನಡುವೆ ಬಿತ್ತು. ಆಗಲೂ ಕಾಲ ಮಿಂಚಿರಲಿಲ್ಲ. ಬಣ್ಣ ಬದಲಿಸಿದ್ದರೆ ಮೇಕೆಗಳು ಬೆದರುತ್ತಿದ್ದವು, ಸಣ್ಣೀರಮ್ಮ ಎತ್ತಿ ಮರಕ್ಕೆ ಬಿಡುತ್ತಿದ್ದಳು. ಗೋಸುಂಬೆ ಬಣ್ಣ ಬದಲಿಸಿತು ಕೂಡ. ಗಾಬರಿಯಲ್ಲಿ, ಬಲಿತ ಎಲೆಯ ಹಸಿರು ಬಿಟ್ಟು ಎಳೆ ಚಿಗುರಿನ ಹಸಿರಾಯಿತು.

ಮೇಕೆಗಳು ಮೊದಲು ತಿನ್ನುವುದು ಎಳೆ ಚಿಗುರನ್ನೇ.

ನೀತಿ: ಶತ್ರುವಿನ ಕಣ್ಣಿಗೆ ಬೀಳದಿರುವುದು ಜಾಣತನ. ಆದರೆ "ಇದ್ದೀಯಾ?" ಎಂದು ಕೇಳಿ ಕಾಯುವವರ ಎದುರೂ ಅಡಗಿ ಕೂತರೆ, ಅವರ ಪಾಲಿಗೆ ನಾವು ಇಲ್ಲ. ಆಮೇಲೆ ಅವರನ್ನು ದೂರುವಂತೆಯೂ ಇಲ್ಲ.