ಸಣ್ಣಮಂದಿಯ ಸಾಕ್ಷಿ

ಹೊಳೆದಂಡೆಯ ಮಠವೊಂದರಲ್ಲಿ ಮುರಿಗೆಪ್ಪ ಎಂಬ ಶಿಷ್ಯನಿದ್ದ. ಹಾಲು ಕೊಟ್ಟರೆ ಎಷ್ಟು ನೀರು ಬೆರೆಸಿದಿರಿ ಎಂದು, ನೀರು ಕೊಟ್ಟರೆ ಹಾಲು ಯಾರು ಕುಡಿದರು ಎಂದು ಕೇಳುವ ಗಿರಾಕಿ. ಅವನ ಗುರು ಬಾಳಯ್ಯಜ್ಜ.

ಅಜ್ಜಾರ ಹತ್ತಿರ ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದಿತ್ತು. ಮೂಲೆಯ ಗಡಿಗೆಯಲ್ಲಿ ಸದಾ ಹುಲ್ಲು ನೆನೆದಿರುತ್ತಿತ್ತು. ಆ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರೆ, ಅಬ್ಬಬ್ಬಾ, ಎಂಥ ಓಡಾಟ! ಚಪ್ಪಲಿಯಾಕಾರದ ಜೀವಿಗಳು ಮೈತುಂಬ ರೋಮ ಬಡಿಯುತ್ತ ಈಜುತ್ತಿದ್ದವು.

ಶಾಲೆಯ ಪುಸ್ತಕದಲ್ಲಿ ಅವಕ್ಕೆ ಪ್ಯಾರಾಮೀಸಿಯಂ ಎಂದು ಹೆಸರು. ಮಠದಲ್ಲಿ ಸಣ್ಣಮಂದಿ. ಒಂದೇ ಜೀವಕೋಶದ ಬಡಪಾಯಿಗಳು. ವಿಷ ಸೋಂಕಿದರೆ ಗಿರಗಿರ ತಿರುಗಿ, ಉಬ್ಬಿ, ನಿಂತುಬಿಡುತ್ತವೆ.

ಹೊಲದ ಹುಳಕ್ಕೆ ಹೊಡೆಯುವ ಎಣ್ಣೆಯಿರಲಿ, ಹೊಸ ಬಾವಿಯ ನೀರಿರಲಿ, ಊರವರು ಮೊದಲು ಮಠಕ್ಕೆ ತರುತ್ತಿದ್ದರು. ಸಣ್ಣಮಂದಿ ಈಜಿದರೆ ಸೈ. ನಿಂತರೆ ಅದರ ಕಥೆ ಮುಗಿಯಿತು.

ಒಮ್ಮೆ ಊರ ಗೌಡರ ಕರುಗಳೆರಡು ಹೊಳೆಯ ನೀರು ಕುಡಿದ ದಿನವೇ ಸತ್ತವು. ಮೇಲ್ದಂಡೆಯಲ್ಲಿ ಫಕೀರವ್ವ ಎಂಬ ವಿಧವೆ ದೊಡ್ಡ ದೊಡ್ಡ ಮಣ್ಣಿನ ಬಾನಿಗಳಲ್ಲಿ ನೂಲಿಗೆ ಬಣ್ಣ ಹಾಕಿ ಹೊಟ್ಟೆ ಹೊರೆಯುತ್ತಿದ್ದಳು. ಬಾನಿಗಳ ನೀರು ಮೋರಿಯಿಂದ ಹೊಳೆಗೆ ಇಳಿಯುತ್ತಿತ್ತು. ಈಚೆಗೆ ಪೇಟೆಯಿಂದ ಹೊಸ ಬಣ್ಣದ ಪುಡಿಯೊಂದನ್ನು ತಂದಿದ್ದಳು. ಊರಿಗೆ ಅಷ್ಟೇ ಸಾಕಾಯಿತು.

"ಮಠ ಹೂಂ ಅನ್ನಲಿ ಅಜ್ಜಾರ, ಆಕಿ ಬಣ್ಣದ ಬಾನಿ ಒಡೆದು ಊರು ಬಿಡಸ್ತೀವಿ" ಎಂದರು ಗೌಡರು.

ಅಜ್ಜಾರು ಶಿಷ್ಯನನ್ನು ಕರೆದರು. "ಮುರಿಗೆಪ್ಪಾ, ಬಾಗಲದಾಗಿನ ಮಣ್ಣಿನ ಮಗಿ ತಗೊಂಡು ಹೋಗಿ ಆಕಿ ಮೋರಿ ನೀರು ತಾ. ನೋಡಾಕ ಬಿಸಿಲು ಬೇಕು. ಮುಂಜಾನೆ ನೋಡೂಣು."

ಮುರಿಗೆಪ್ಪ ಮಗಿಯನ್ನು ತಿರುವಿ ಮುರುವಿ ನೋಡಿದ. ಇದನ್ನು ಯಾರು ತೊಳೆದರೋ, ಹೆಂಗೆ ತೊಳೆದರೋ. ನಾಳೆ ಆ ಹೆಂಗಸು, ನಿಮ್ಮ ಮಗಿಯೇ ಹೊಲಸಿತ್ತು ಎಂದರೆ?

ಅವನ ಹತ್ತಿರ ತಾಯಿ ಕೊಟ್ಟ ತಾಮ್ರದ ತಂಬಿಗೆಯಿತ್ತು. ದಿನಾ ಹುಣಸೆಹಣ್ಣು ಹಚ್ಚಿ, ಮುಖ ಕಾಣುವ ಹಾಗೆ ತಿಕ್ಕುತ್ತಿದ್ದ. ತಾಮ್ರಕ್ಕಿಂತ ಮಡಿ ಯಾವುದಿದೆ? ಮಗಿಯನ್ನು ಅಲ್ಲೇ ಬಿಟ್ಟು ತಂಬಿಗೆ ಹಿಡಿದು ಹೋದ.

ಅವನನ್ನು ಕಂಡ ಕೂಡಲೇ ಫಕೀರವ್ವ ಬಣ್ಣದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ನೋಡು, ಎಂದುಕೊಂಡ ಮುರಿಗೆಪ್ಪ.

"ಚಾ ಕುಡೀತೀರೇನ್ರಿ ಸ್ವಾಮ್ಯಾರ?"

ಓಹೋ, ಚಾ ಬೇರೆ! "ಬ್ಯಾಡ" ಎಂದು ಮೋರಿಯ ನೀರು ತುಂಬಿಕೊಂಡು ಹೊರಟ.

ದಾರಿಯಲ್ಲಿ ಇನ್ನೊಂದು ಹುಳ ತಲೆಗೆ ಹೊಕ್ಕಿತು. ಅಜ್ಜಾರ ಮೈಮೇಲಿನ ಕಾವಿ ಎಲ್ಲಿಯದು? ಈಕೆಯ ಬಾನಿಯದೇ. ವರ್ಷಾ ವರ್ಷಾ ಕಾಸು ಕೇಳದೆ ಅದ್ದಿ ಕೊಡುತ್ತಾಳೆ. ಹಾಗಾದರೆ ನಾಳೆ ಅಜ್ಜಾರ ನಾಲಿಗೆ ಯಾವ ಕಡೆ ಹೊರಳೀತು? ಆ ರಾತ್ರಿ ತಂಬಿಗೆಯನ್ನು ತಲೆದೆಸೆಯಲ್ಲಿಟ್ಟು, ಅದರ ಬಾಯಿಗೆ ಕೈ ಮುಚ್ಚಿ ಮಲಗಿದ.

ಬೆಳಿಗ್ಗೆ ಮಠದಂಗಳ ತುಂಬಿತು. ಫಕೀರವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಮುರಿಗೆಪ್ಪ ಒಂದು ಗಾಜಿನ ಮೇಲೆ ಸಣ್ಣಮಂದಿಗೆ ಮಠದ ಬಾವಿಯ ನೀರು ಬೆರೆಸಿದ, ಇನ್ನೊಂದರ ಮೇಲೆ ಫಕೀರವ್ವನ ಮೋರಿಯ ನೀರು.

ಬಾವಿಯ ನೀರಿನಲ್ಲಿ ಅವು ಆರಾಮಾಗಿ ಈಜಿದವು. ಮೋರಿಯ ನೀರಿನಲ್ಲಿ ಗಿರಗಿರ ತಿರುಗಿದವು, ಉಬ್ಬಿದವು, ನಿಂತವು.

"ನಿಂತ್ವು! ಒಂದೂ ಉಳೀಲಿಲ್ರಿ!" ಎಂದು ಮುರಿಗೆಪ್ಪ ಕೂಗಿದ. ಯಾಕೆ ಸುಳ್ಳು ಹೇಳಬೇಕು, ಅವನ ದನಿಯಲ್ಲಿ ಖುಷಿಯಿತ್ತು.

"ಯಪ್ಪಾ, ಅದು ಹೆಂಗ ಆಗತೈತ್ರಿ?" ಎಂದಳು ಫಕೀರವ್ವ. "ಅದ ನೀರು ಕುಡಿದು ನನ್ನ ಆಡು ಗುಂಡಗ ಅದಾವಲ್ಲ!"

ಗೌಡರ ತಮ್ಮ ಯಾರ ಮಾತಿಗೂ ಕಾಯಲಿಲ್ಲ, ಹಾರೆ ಹಿಡಿದು ಓಡಿದ. ಮೇಲ್ದಂಡೆಯಿಂದ ದಡಲ್ ಎಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮಠದ ಮೆಟ್ಟಿಲ ಮುಂದೆ ಹೊಳೆ ನೀಲಿಯಾಗಿ ಹರಿಯಿತು.

ಫಕೀರವ್ವ ಇದ್ದಲ್ಲೇ ಕುಸಿದಳು. "ಮಳಿಗಾಲದ ಅನ್ನ ಹೋತು ಯಪ್ಪಾ."

ಬಾಳಯ್ಯಜ್ಜ ಎದ್ದು ನಿಂತರು. "ಉಳಿದ ಬಾನಿಗೆ ಯಾರರ ಕೈ ಹಚ್ಚಿದ್ರ ನಾ ಈ ಮಠದಾಗ ಇರೂದಿಲ್ಲ."

ಅಜ್ಜಾರು ಶಿಷ್ಯನ ಕಡೆ ತಿರುಗಿದರು.

"ಆಕಿ ನೀರು ರಾತ್ರಿ ಎಲ್ಲಿತ್ತು?"

"ನನ್ನ ತಂಬಿಗ್ಯಾಗ್ರಿ. ಯಾರೂ ಮುಟ್ಟಿಲ್ರಿ."

"ಬಾವಿ ನೀರು?"

"ಮಣ್ಣಿನ ಗಡಿಗ್ಯಾಗ್ರಿ."

"ಹಂಗಾರ ಎರಡೂ ನೀರು ಒಂದ ಮನ್ಯಾಗ ಮಲಗಿಲ್ಲ."

ಅಜ್ಜಾರು ತಂಬಿಗೆಯನ್ನು ಬರಿದು ಮಾಡಿ, ತೊಳೆದು, ತಾವೇ ಬಾವಿಯ ನೀರು ತುಂಬಿದರು. ಮಣ್ಣಿನ ಮಗಿಯನ್ನು ಗೌಡರ ಕೈಗೆ ಕೊಟ್ಟರು. "ಉಳಿದ ಬಾನಿ ಮೋರಿಯಿಂದ ನೀವ ನೀರು ಹಿಡಕೊಂಡು ಬರ್ರಿ. ಎರಡೂ ನಿಮ್ಮ ಕಣ್ಮುಂದ ಇರಲಿ. ನಾಳೆ ನೋಡೂಣು."

ಗೌಡರು ಗೊಣಗುತ್ತಲೇ ತಂದರು, ಎರಡನ್ನೂ ಮಠದ ಜಗುಲಿಯ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕಾದರು.

ಮುರಿಗೆಪ್ಪನಿಗೆ ಸಿಟ್ಟು ಬಂತು. ಕಾವಿಯ ಋಣ ತೀರಿಸುತ್ತಿದ್ದಾರೆ ಮುದುಕರು! ಬೆಳಗಾಗುವುದರೊಳಗೆ ಆಕೆ ಗಂಟುಮೂಟೆ ಕಟ್ಟಿ ಓಡಿರುತ್ತಾಳೆ, ನೋಡುತ್ತಿರಿ.

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ಫಕೀರವ್ವ.

ಮೊದಲು ಮಗಿಯ ನೀರು, ಅವಳ ಮೋರಿಯದು. ಮುರಿಗೆಪ್ಪ ಬಗ್ಗಿ ನೋಡಿದ, ಬಗ್ಗಿಯೇ ಇದ್ದ. ಗೌಡರೇ ಅವನನ್ನು ಸರಿಸಿ ಕಣ್ಣಿಟ್ಟರು.

"ಇವು ಆಡಾಕತ್ತಾವಲ್ಲಪಾ!"

ಆಮೇಲೆ ತಂಬಿಗೆಯ ನೀರು. ಮಠವೆಲ್ಲ ಕುಡಿಯುವ ಬಾವಿಯ ನೀರು. ಸಣ್ಣಮಂದಿ ಗಿರಗಿರ ತಿರುಗಿದವು, ಉಬ್ಬಿದವು, ನಿಂತವು. ಮುರಿಗೆಪ್ಪ ಕಣ್ಣೊರೆಸಿಕೊಂಡ, ಗಾಜು ಬದಲಿಸಿ ಮತ್ತೆ ನೋಡಿದ. ಅದೇ ಸಾವು.

"ಹುಣಸಿ ಹಚ್ಚಿ ತಿಕ್ಕಿದ ತಾಮ್ರ ರಾತ್ರಿಯೆಲ್ಲಾ ನೀರಿಗೆ ಇಳಿತೈತಿ ತಮ್ಮಾ" ಎಂದರು ಅಜ್ಜಾರು. "ಅಷ್ಟಕ್ಕ ನಾವು ಸಾಯೂದಿಲ್ಲ. ಇವು ಸಾಯ್ತಾವು."

ಮುರಿಗೆಪ್ಪನ ಮುಖ ಹುಳ್ಳಗಾಯಿತು. ಗೌಡರು ತಮ್ಮನಿಗೆ ಎಲ್ಲರೆದುರೇ ಬೈದು, ಹೊಸ ಬಾನಿ ತರಲು ಕಳಿಸಿದರು. ಬಾನಿಯೇನೋ ಬಂದೀತು. ಹೊಳೆಗೆ ಹೋದ ಬಣ್ಣವನ್ನು ತರುವವರು ಯಾರು?

ಫಕೀರವ್ವ ಹೋಗುವಾಗ ಮುರಿಗೆಪ್ಪನ ಮುಂದೆ ನಿಂತಳು.

"ನೀವು ಕೇಳಿದ್ರ ಮಣ್ಣಿನ ಮಗಿ ನಾನ ಕೊಡ್ತಿದ್ನಲ್ರಿ ಸ್ವಾಮ್ಯಾರ."

ಅಷ್ಟೇ ಹೇಳಿ ಹೋದಳು. ಅವಳು ಬೈದಿದ್ದರೆ ವಾಸಿಯಿತ್ತು ಅನ್ನಿಸಿ ಮುರಿಗೆಪ್ಪ ಅತ್ತುಬಿಟ್ಟ.

ಎಲ್ಲರೂ ಹೋದ ಮೇಲೆ ಗುರುಗಳ ಕಾಲ ಬಳಿ ಕುಳಿತ. "ತಂಬಿಗಿ ಮ್ಯಾಲ ನಿಮಗ ಮೊದಲ ಅನುಮಾನ ಇತ್ತೇನ್ರಿ ಅಜ್ಜಾರ?"

"ಇಲ್ಲ. ನಿನ್ನ ಮ್ಯಾಲ ಇತ್ತು."

"ನನ್ನ ಮ್ಯಾಲ?"

"ಆಕಿ ಮ್ಯಾಲ, ಮಗಿ ಮ್ಯಾಲ, ನನ್ನ ಮ್ಯಾಲ ಎಲ್ಲಾ ನೀನ ಅನುಮಾನ ಪಟ್ಟು ಮುಗಿಸಿದ್ದಿ. ಉಳಿದಾಂವ ನೀನೊಬ್ಬನ."

ಮುರಿಗೆಪ್ಪ ತಂಬಿಗೆಯನ್ನು ಬೋರಲು ಹಾಕಿದ.

"ಹಂಗಾರ ಕರು ಯಾಕ ಸತ್ವು ಅಜ್ಜಾರ?"

"ಗೊತ್ತಿಲ್ಲ. ಹುಡುಕಬೇಕು."

"ಫಕೀರವ್ವನ ಮ್ಯಾಲಿನ ಅನುಮಾನ ಬಿಟ್ಟುಬಿಡ್ಲೇನ್ರಿ?"

"ಯಾಕ ಬಿಡ್ತಿ?" ಎಂದರು ಬಾಳಯ್ಯಜ್ಜ. "ನಾಳೆನೂ ಆಕಿ ನೀರು ನೋಡು. ಆದ್ರ ಮೊದಲ ತಂಬಿಗಿ ನೋಡು."